ಕಾಲೇಜ್ ಫುಟ್‌ಬಾಲ್: ಈ ಆರ್‌ಪಿಓ, ಟೆಂಪೋ ಕಾಟಕ್ಕೆ ಡಿಫೆನ್ಸ್ ಹತ್ರ ಉತ್ತರ ಇದ್ಯಾ?

ಡಲ್ಲಾಸ್_ದಾವಣಗೆರೆ

ಇಲ್ಲಿ ಅಮೆರಿಕನ್ ಫುಟ್‌ಬಾಲ್ ಹುಚ್ಚು ಇರೋರು ಕೆಲವರಿದ್ದೀರಿ ಅಂತ ಹಳೇ ಥ್ರೆಡ್‌ಗಳಲ್ಲಿ ನೋಡಿದ್ದೆ, ಅದಕ್ಕೇ ಕೇಳ್ತಿದೀನಿ. ಎನ್‌ಎಫ್‌ಎಲ್ (ಅಲ್ಲಿನ ವೃತ್ತಿಪರ ಲೀಗ್) ಬೇಡ, ಶನಿವಾರದ ಕಾಲೇಜ್ ಫುಟ್‌ಬಾಲ್ ಬಗ್ಗೆ ಮಾತ್ರ.

ನನ್ನ ತಲೆ ಕೆಡಿಸಿರೋದು ಒಂದೇ ಪ್ಲೇ, ಆರ್‌ಪಿಓ, ಅಂದ್ರೆ ರನ್-ಪಾಸ್ ಆಪ್ಷನ್. ಸ್ನ್ಯಾಪ್ ಆಗತ್ತೆ (ಬಾಲ್ ಹಿಂದಕ್ಕೆ ಬಂದು ಆಟ ಶುರು), ಕ್ಯೂಬಿ, ಅಂದ್ರೆ ಪಾಸ್ ಎಸೆಯೋ ಕ್ವಾರ್ಟರ್‌ಬ್ಯಾಕ್, ಬಾಲನ್ನ ತಗೊಂಡು ರನ್ನಿಂಗ್ ಬ್ಯಾಕ್ (ಬಾಲ್ ಹಿಡ್ಕೊಂಡು ಓಡೋನು) ಹೊಟ್ಟೆ ಹತ್ರ ಇಡ್ತಾನೆ, ಇನ್ನೂ ಕೊಟ್ಟಿರಲ್ಲ, ಕಣ್ಣು ಮಾತ್ರ ಒಬ್ಬ ಲೈನ್‌ಬ್ಯಾಕರ್ (ಡಿಫೆನ್ಸ್‌ನ ಮುಂದಿನ ಸಾಲಿನ ಹಿಂದೆ ನಿಲ್ಲೋನು) ಮೇಲೆ. ಆ ಲೈನ್‌ಬ್ಯಾಕರ್ ರನ್ ಅಂದ್ಕೊಂಡು ಎರಡು ಹೆಜ್ಜೆ ಮುಂದೆ ಬಂದ್ನೋ, ಬಾಲ್ ವಾಪಸ್ ಕಿತ್ಕೊಂಡು ಅವನು ಬಿಟ್ಟು ಬಂದ ಜಾಗಕ್ಕೇ ಎಸೀತಾನೆ, ಸ್ಲ್ಯಾಂಟ್, ಅಂದ್ರೆ ಓರೆಯಾಗಿ ಒಳಗೆ, ಓಡ್ತಿರೋ ರಿಸೀವರ್ (ಪಾಸ್ ಹಿಡಿಯೋನು) ಕೈಗೆ ನೀಟಾಗಿ ಹೋಗಿ ಬೀಳತ್ತೆ. ಬರದೆ ನಿಂತ್ಕೊಂಡ್ನೋ, ಬಾಲ್ ರನ್ನಿಂಗ್ ಬ್ಯಾಕ್‌ಗೆ, ಆರು ಯಾರ್ಡ್ ಆರಾಮಾಗಿ. ಏನ್ ಮಾಡಿದ್ರೂ ಅವನದ್ದೇ ತಪ್ಪು ಅನ್ನೋ ಥರ ಟಿವೀಲಿ ರಿಪ್ಲೇ ಮೇಲೆ ರಿಪ್ಲೇ ಹಾಕಿ ಅವನ ತಲೆ ಸುತ್ತ ಗೆರೆ ಎಳೆದು ತೋರಿಸ್ತಾರೆ. ಪಾಪ, ಅವನು ಏನ್ ಮಾಡ್ಬೇಕಿತ್ತು ಹೇಳಿ?

ಮೊನ್ನೆ ಯೂಟ್ಯೂಬ್‌ನಲ್ಲಿ 2016ರ ಟೆಕ್ಸಸ್ ಟೆಕ್–ಓಕ್ಲಹೋಮ ಮ್ಯಾಚ್ ನೋಡ್ದೆ, 66-59. ಟೆಕ್ಸಸ್ ಟೆಕ್ ಕ್ಯೂಬಿ ಮಹೋಮ್ಸ್ 734 ಯಾರ್ಡ್ ಪಾಸ್ ಮಾಡಿ ಸೋತಿದಾನೆ, ಆ ಕಡೆ ಓಕ್ಲಹೋಮದ ಮೇಫೀಲ್ಡ್ 545. ಇಬ್ಬರೂ ಮುಂದೆ ಎನ್‌ಎಫ್‌ಎಲ್‌ಗೆ ಹೋದ್ರು, ಸರಿ, ಆದ್ರೆ ಆವತ್ತು ಆ ಎರಡು ಡಿಫೆನ್ಸ್ ಗ್ರೌಂಡ್‌ನಲ್ಲಿ ಯಾಕಿದ್ವು ಅಂತ ಅನ್ನಿಸ್ತು. ಡಿಫೆನ್ಸ್ ಕೋಆರ್ಡಿನೇಟರ್‌ಗಳಿಗೆ (ಡಿಫೆನ್ಸ್ ನೋಡ್ಕೊಳ್ಳೋ ಕೋಚ್‌ಗಳು) ಮಿಲಿಯನ್‌ಗಟ್ಟಲೆ ಸಂಬಳ ಕೊಡ್ತಾರಲ್ಲ, ಬಾಕ್ಸ್‌ನಲ್ಲಿ (ಬಾಲ್ ಎದುರಿನ ಮಧ್ಯದ ಜಾಗ) ಇನ್ನೊಬ್ಬನ್ನ ಹಾಕಿ ರನ್ ನಿಲ್ಸಿ ಅನ್ನೋದು ಅಷ್ಟು ಕಷ್ಟಾನಾ? ಮೊದಲೆಲ್ಲ ಮೂರು ಲೈನ್‌ಬ್ಯಾಕರ್ ಇರ್ತಿದ್ರು, ಈಗ ಎಲ್ಲಿ ನೋಡಿದ್ರೂ ಎರಡೇ, ಅದು ಯಾಕೆ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳ್ರಪ್ಪ.

ಏಮ್ಸ್_ತುಮಕೂರು

ಸಾರ್, ಆ ಲೈನ್‌ಬ್ಯಾಕರ್‌ಗೆ ತಪ್ಪಿಸ್ಕೊಳ್ಳೋ ದಾರಿನೇ ಇಲ್ಲ, ಆ ಪ್ಲೇ ಕಟ್ಟಿರೋದೇ ಅವನನ್ನ ಸಿಕ್ಕಿಸೋಕೆ. ಕಬಡ್ಡೀಲಿ ರೈಡರ್ ಕಾರ್ನರ್‌ನಲ್ಲಿರೋನ ಕಾಲನ್ನೇ ನೋಡ್ಕೊಂಡು ಆಡ್ತಾನಲ್ಲ, ಅವನು ಆಂಕಲ್‌ಗೆ ಬಿದ್ರೆ ಹಾರೋದು, ಬೀಳದೆ ಇದ್ರೆ ಬೋನಸ್ ತಗೊಂಡು ಬರೋದು, ಅದೇ ಲೆಕ್ಕ ಇದು. ಯಾವ ಡಿಫೆಂಡರ್‌ಗೆ ಎರಡು ಕೆಲಸ ಇದ್ಯೋ ಅವನನ್ನ ಹುಡುಕಿ ಇಟ್ಕೊಂಡಿರ್ತಾರೆ.

ಇನ್ನೊಬ್ಬನ್ನ ಬಾಕ್ಸ್‌ಗೆ ಯಾಕೆ ಹಾಕಲ್ಲ ಅಂದ್ರೆ, ಎಲ್ಲಿಂದ ತರ್ತೀರಾ? ಸ್ಪ್ರೆಡ್‌ನಲ್ಲಿ ನಾಲ್ಕು ಜನ ರಿಸೀವರ್‌ಗಳು ಮೈದಾನದ ಅಗಲಕ್ಕೆ ಹರಡ್ಕೊಂಡಿರ್ತಾರೆ, ಅವರನ್ನ ನೋಡ್ಕೊಳ್ಳೋಕೆ ಜನ ಬೇಕು, ಮೇಲೆ ಇಬ್ರು ಸೇಫ್ಟಿ (ಎಲ್ಲರಿಗಿಂತ ಹಿಂದೆ ಕಾಯೋರು) ಹಿಂದೆ ಇದ್ರೆ ಬಾಕ್ಸ್‌ನಲ್ಲಿ ಉಳಿಯೋದು ಆರು ಅಥವಾ ಐದೂವರೆ ಜನ. ಆ ಅರ್ಧ ಮನುಷ್ಯನೇ ನೀವು ಹೇಳಿದ ಲೈನ್‌ಬ್ಯಾಕರ್. ಆಫೆನ್ಸ್ ಲೈನ್‌ಮನ್‌ಗಳು (ಮುಂದಿನ ಸಾಲಿನೋರು) ಐದು ಜನ ಐವರನ್ನ ಬ್ಲಾಕ್ ಮಾಡ್ತಾರೆ, ಆರನೆಯವನನ್ನ ಕ್ಯೂಬಿ ಕಣ್ಣಲ್ಲೇ ಬ್ಲಾಕ್ ಮಾಡ್ತಾನೆ. ಸರಿ ಏಳನೇ ಮನುಷ್ಯನ್ನ ಇಳಿಸಿದ್ರಿ ಅಂತಿಟ್ಕೊಳ್ಳಿ, ಆಗ ಹೊರಗಡೆ ಕಾರ್ನರ್ (ಅಂಚಿನ ರಿಸೀವರ್‌ನ ಕಾಯೋನು) ಒಂಟಿ, ತಲೆ ಮೇಲಿಂದ ಬಾಲ್ ಬಂದ್ರೆ ಹಿಂದೆ ದಿಕ್ಕಿಲ್ಲ.

ಜೊತೆಗೆ ಕಾಲೇಜ್ ರೂಲ್ ಬೇರೆ ಆಫೆನ್ಸ್ ಪರ. ಎನ್‌ಎಫ್‌ಎಲ್‌ನಲ್ಲಿ ಪಾಸ್ ಹಾಕೋವಾಗ ಲೈನ್‌ಮನ್ 1 ಯಾರ್ಡ್ ತನಕ ಮಾತ್ರ ಮುಂದೆ ಹೋಗ್ಬಹುದು, ಕಾಲೇಜ್‌ನಲ್ಲಿ 3 ಯಾರ್ಡ್. ಎರಡು ಯಾರ್ಡ್ ತಾನೇ ಅನ್ಬೇಡಿ. ಗಾರ್ಡ್ (ಆಫೆನ್ಸ್ ಲೈನ್‌ಮನ್‌ಗಳಲ್ಲಿ ಒಬ್ಬ) 3 ಯಾರ್ಡ್ ನುಗ್ಗಿ ಬಂದು ಲೈನ್‌ಬ್ಯಾಕರ್ ಮೈಮೇಲೆ ಬಿದ್ರೆ ಅದು ಪಾಸ್ ಅಂತ ಯಾರಿಗನ್ಸುತ್ತೆ? ಡಿಫೆಂಡರ್‌ಗೆ ಚಿಕ್ಕಂದಿನಿಂದ ಹೇಳ್ಕೊಟ್ಟಿರೋದೇ ಲೈನ್‌ಮನ್ ನೋಡು, ಅವನು ಮುಂದೆ ಬಂದ್ರೆ ರನ್, ಹಿಂದೆ ಹೋದ್ರೆ ಪಾಸ್ ಅಂತ. ಆ ಪಾಠಾನೇ ಸುಳ್ಳು ಮಾಡ್ಬಿಟ್ರು. ಹ್ಯಾಶ್ ಮಾರ್ಕ್ (ಪ್ಲೇ ಶುರುವಿಗೆ ಬಾಲ್ ಇಡೋ ಜಾಗದ ಎರಡು ಗೆರೆ ಸಾಲು) ಕೂಡ ನೋಡಿ, ಎನ್‌ಎಫ್‌ಎಲ್‌ನಲ್ಲಿ ಎರಡರ ಮಧ್ಯೆ 18 ಅಡಿ 6 ಇಂಚು, ಇಲ್ಲಿ 40 ಅಡಿ. ಮೈದಾನದ ಅಗಲ 160 ಅಡಿ, ಅಂದ್ರೆ ಬಾಲ್ ಒಂದು ಹ್ಯಾಶ್ ಮೇಲಿದ್ರೆ ಒಂದು ಕಡೆ 60 ಅಡಿ, ಇನ್ನೊಂದು ಕಡೆ 100 ಅಡಿ. ಆ 100 ಅಡಿ ಕಡೆ ಮೂರು ರಿಸೀವರ್ ನಿಲ್ಲಿಸಿದ್ರೆ ಯಾರನ್ನ ಎಲ್ಲಿ ನಿಲ್ಲಿಸ್ತೀರಾ ನೀವೇ ಯೋಚ್ನೆ ಮಾಡಿ.

ಈಗ ಉತ್ತರಕ್ಕೆ ಬರ್ತೀನಿ, ಇದು ನಮ್ಮೂರಿಂದಾನೇ ಬಂದಿದ್ದು, ಅದಕ್ಕೆ ಸ್ವಲ್ಪ ಜಾಸ್ತಿ ಬರೀತೀನಿ, ಬೇಜಾರ್ ಮಾಡ್ಕೋಬೇಡಿ. ನಮ್ಮ ಏಮ್ಸ್‌ನ ಐಯೋವಾ ಸ್ಟೇಟ್‌ಗೆ ದೊಡ್ಡ ದೊಡ್ಡ ರಿಕ್ರೂಟ್‌ಗಳು (ಹೈಸ್ಕೂಲ್‌ನಿಂದ ಬರೋ ಸ್ಟಾರ್‌ಗಳು) ಬರಲ್ಲ, ಯಾವತ್ತೂ ಬಂದಿಲ್ಲ. 2017ರಲ್ಲಿ ಕೋಆರ್ಡಿನೇಟರ್ ಜಾನ್ ಹೀಕಾಕ್ ಏನ್ ಮಾಡಿದ್ರು ಅಂದ್ರೆ, ಮುಂದೆ ಮೂರೇ ಜನ ಲೈನ್‌ಮನ್. ಒಬ್ಬ ಸೆಂಟರ್ (ಸ್ನ್ಯಾಪ್ ಮಾಡೋ ಮಧ್ಯದವನು) ಮೂಗಿನ ಮುಂದೆ, ಇನ್ನಿಬ್ರು ಟ್ಯಾಕಲ್‌ಗಳ (ಆಫೆನ್ಸ್ ಸಾಲಿನ ಎರಡು ತುದಿಯೋರು) ಒಳಭುಜದ ಎದುರು. ಹಿಂಗೆ ನಿಂತ್ರೆ ಗಾರ್ಡ್ ಮತ್ತೆ ಟ್ಯಾಕಲ್ ಮಧ್ಯದ ಗ್ಯಾಪ್ ಮುಚ್ಚೋಗತ್ತೆ, ಸ್ಪ್ರೆಡ್ ಟೀಮ್‌ಗಳ ಇನ್‌ಸೈಡ್ ಝೋನ್ ರನ್‌ಗೆ (ಮಧ್ಯದಿಂದ ಓಡೋ ಪ್ಲೇ) ಅದೇ ತಾನೇ ಮೇನ್ ರೋಡು. ರನ್ನಿಂಗ್ ಬ್ಯಾಕ್ ಪಕ್ಕಕ್ಕೆ ಓಡ್ಬೇಕಾಗತ್ತೆ, ಪಕ್ಕಕ್ಕೆ ಓಡೋಕೆ ಟೈಮ್ ಬೇಕು, ಆ ಟೈಮ್ ಸಿಕ್ತು ಅಂದ್ರೆ ಲೈನ್‌ಬ್ಯಾಕರ್ ಗಾಬರಿ ಬಿದ್ದು ಮುಂದೆ ನುಗ್ಗಬೇಕಾಗಿಲ್ಲ, ಅರ್ಧ ಸೆಕೆಂಡ್ ನಿಂತು ನೋಡಿ ಆಮೇಲೆ ಹೋಗ್ಬಹುದು. ಡಲ್ಲಾಸ್ ಸಾರ್, ನಿಮ್ಮ ಲೈನ್‌ಬ್ಯಾಕರ್‌ನ ಬಚಾವ್ ಮಾಡೋದು ಹಿಂಗೆ, ಅವನಿಗೆ ಬುದ್ಧಿ ಹೇಳಿ ಅಲ್ಲ, ಅವನ ಮುಂದಿರೋ ಮೂವರಿಂದ.

ಹಿಂದೆ ಇಬ್ರು ಸೇಫ್ಟಿ ಬದಲು ಮೂವರು. ಮಧ್ಯದ ಸೇಫ್ಟಿ ಇದಾನಲ್ಲ, ಅವನೇ ಇದರಲ್ಲಿ ಮಜಾ. ಹತ್ತು ಹನ್ನೆರಡು ಯಾರ್ಡ್ ದೂರ ನಿಂತಿರ್ತಾನೆ, ಕ್ಯೂಬಿ ಎಣಿಸೋವಾಗ ಬಾಕ್ಸ್‌ನಲ್ಲಿ ಲೆಕ್ಕಕ್ಕೇ ಸಿಗಲ್ಲ, ರನ್ ಅಂತ ಗೊತ್ತಾದ ತಕ್ಷಣ ನೇರ ಓಡಿ ಬಂದು ಲೈನ್‌ಬ್ಯಾಕರ್ ಥರ ಹೊಡೀತಾನೆ. ಅವನನ್ನ ಬ್ಲಾಕ್ ಮಾಡೋಕೆ ಯಾರನ್ನೂ ಇಟ್ಟಿರಲ್ಲ. ಪಾಸ್ ಆದ್ರೆ ಸ್ಲ್ಯಾಂಟ್ ಬರೋ ಜಾಗದಲ್ಲೇ ನಿಂತಿರ್ತಾನೆ.

ಆ ವರ್ಷ ಅಕ್ಟೋಬರ್‌ನಲ್ಲಿ ನಾರ್ಮನ್‌ಗೆ (ಓಕ್ಲಹೋಮ ಟೀಮ್‌ನ ಊರು) ಹೋಗಿ 3ನೇ ರ‍್ಯಾಂಕ್‌ನ ಓಕ್ಲಹೋಮಾನ 38-31 ಸೋಲಿಸಿದ್ರು, ಅದೇ ಮೇಫೀಲ್ಡ್, ಆ ವರ್ಷ ಹೈಸ್ಮನ್ (ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ) ಗೆದ್ದೋನು. 1990ರಿಂದ ಓಕ್ಲಹೋಮಾನ ಸೋಲಿಸೇ ಇರ್ಲಿಲ್ಲ. ಮೊದಲರ್ಧದಲ್ಲಿ ಓಕ್ಲಹೋಮ 24 ಹೊಡೀತು, ಎರಡನೇ ಅರ್ಧದಲ್ಲಿ ಬರೀ 7. ನಮ್ ಕಡೆ ಮಿಡಲ್ ಲೈನ್‌ಬ್ಯಾಕರ್ ಜೋಯಲ್ ಲ್ಯಾನಿಂಗ್, ಹಿಂದಿನ ವರ್ಷದ ತನಕ ಕ್ಯೂಬಿ ಆಗಿದ್ದ ಹುಡುಗ, ಆವತ್ತು ಡಿಫೆನ್ಸ್ ಆಡಿ ನಡುನಡುವೆ ಕ್ಯೂಬಿನೂ ಆಡ್ದ. ಆಮೇಲೆ ದೇಶದ ತುಂಬ ಕೋಚ್‌ಗಳು ಈ ಮೂರು ಸೇಫ್ಟಿ ಡಿಫೆನ್ಸ್‌ನ ಕಾಪಿ ಹೊಡೆದ್ರು. ಎಲ್ಲರಿಗೂ ಕೈ ಹಿಡೀತು ಅಂತಲ್ಲ, ಮಧ್ಯದ ಸೇಫ್ಟಿ ಟ್ಯಾಕಲ್ ಮಾಡೋಕೆ (ಹಿಡಿದು ಬೀಳಿಸೋಕೆ) ಬರದೋನಾದ್ರೆ ಇದು ಪೂರ್ತಿ ಮುಳುಗತ್ತೆ.

ಮೂರನೇ ಲೈನ್‌ಬ್ಯಾಕರ್ ವಿಷ್ಯ ಅಂದ್ರೆ ನಿಮ್ ಡಲ್ಲಾಸ್ ಪಕ್ಕದಲ್ಲೇ ಫೋರ್ಟ್ ವರ್ತ್‌ನಲ್ಲಿ ಟಿಸಿಯು ಕೋಚ್ ಗ್ಯಾರಿ ಪ್ಯಾಟರ್ಸನ್ ಎಷ್ಟೋ ವರ್ಷದ ಹಿಂದೇನೇ 4-2-5 ಆಡಿಸ್ತಿದ್ರು, ಅಂದ್ರೆ ನಾಲ್ಕು ಲೈನ್‌ಮನ್, ಎರಡು ಲೈನ್‌ಬ್ಯಾಕರ್, ಮೂರನೇ ಲೈನ್‌ಬ್ಯಾಕರ್ ತೆಗೆದು ಐದನೇ ಡಿಫೆನ್ಸಿವ್ ಬ್ಯಾಕ್ (ಡಿಬಿ, ಕಾರ್ನರ್ ಸೇಫ್ಟಿ ಥರದೋನು). ಅದೇ ಡಿಫೆನ್ಸ್ ಇಟ್ಕೊಂಡು 2011ರ ರೋಸ್ ಬೌಲ್‌ನಲ್ಲಿ (ಹೊಸವರ್ಷದ ಹೆಸರಾದ ಮ್ಯಾಚ್) ವಿಸ್ಕಾನ್ಸಿನ್ ಥರ ಆನೆ ಲೈನ್ ಇರೋ ಟೀಮ್‌ನ 21-19 ಸೋಲಿಸಿದ್ರು. ಆಗ ಅದು ವಿಚಿತ್ರ, ಈಗ ಎಲ್ಲರದ್ದೂ ಅದೇ.

ಬೆಳಗಾವಿ_ಬುಲ್‌ಡಾಗ್

ಏಮ್ಸ್ ಸಾಹೇಬ್ರ, ಛಲೋ ಬರದೀರಿ, ಆದ್ರ ಒಂದ್ ಮಾತ್ ಬಿಟ್ಟೀರಿ ನೋಡ್ರಿ. ಅದೇನ್ ಮೂರ್ ಸೇಫ್ಟಿ, ಮಧ್ಯದ ಸೇಫ್ಟಿ ಅಂತ ಬೋರ್ಡ್ ಮ್ಯಾಲೆ ಗೆರಿ ಹಾಕೂದು ಎಲ್ಲಾರಿಗೂ ಬರ್ತೈತಿ. ಮುಂದ್ ನಿಂತಾಂವ ಯಾರು ಅನ್ನೂದ ಮುಖ್ಯ.

ನಾ ಅಟ್ಲಾಂಟಾದಾಗ ಇರ್ತೀನಿ, 2021ರ ಜಾರ್ಜಿಯಾ ಡಿಫೆನ್ಸ್ ಕಣ್ಣಾರೆ ನೋಡೀನಿ. ಒಂದ್ ಮ್ಯಾಚಿಗೆ ಸರಾಸರಿ 10.2 ಪಾಯಿಂಟ್ ಅಷ್ಟ ಕೊಟ್ರು, ಅದೂ ಈ ಕಾಲದಾಗ, ಎಲ್ಲಾರೂ ಸ್ಪ್ರೆಡ್ ಆಡಾಕತ್ತಾಗ. ಹೆಡ್ ಕೋಚ್ ಕರ್ಬಿ ಸ್ಮಾರ್ಟ್ ಮತ್ತ ಕೋಆರ್ಡಿನೇಟರ್ ಡ್ಯಾನ್ ಲ್ಯಾನಿಂಗ್, ಅವರೂ ಅದ ನಮೂನಿ ಒಳಗಿನ ಗ್ಯಾಪ್ ಮುಚ್ಚೂ ಫ್ರಂಟ್ (ಮುಂದಿನ ಸಾಲು) ಆಡಿಸ್ತಿದ್ರು, ಆದ್ರ ಮೂಗಿನ ಮುಂದ ನಿಂತಾಂವ ಜೋರ್ಡನ್ ಡೇವಿಸ್, ಆರೂವರಿ ಅಡಿ ಎತ್ತರ, 340 ಪೌಂಡ್. ಅವನ್ನ ಒಬ್ಬ ಸೆಂಟರ್ ಹಿಡಿಯೂದು ಆಗೂದ ಮಾತಲ್ಲ, ಇಬ್ರು ಬೇಕು. ಇಬ್ರು ಅವನ್ ಮ್ಯಾಲೆ ಬಿದ್ರ ಹಿಂದ ಲೈನ್‌ಬ್ಯಾಕರ್ ನಕೋಬಿ ಡೀನ್ ಮೈ ಮುಟ್ಟಾವ್ರ ಇಲ್ಲ. ಆ ಡಿಫೆನ್ಸ್‌ನಾಗಿಂದ ಐದ್ ಮಂದಿ 2022ರ ಡ್ರಾಫ್ಟ್ (ಎನ್‌ಎಫ್‌ಎಲ್ ಟೀಮ್‌ಗಳು ಕಾಲೇಜ್ ಹುಡುಗರನ್ನ ಆರಿಸ್ಕೊಳ್ಳೂದು) ಮೊದಲನೇ ರೌಂಡ್‌ನಾಗ ಹ್ವಾದ್ರು, ಟ್ರೇವಾನ್ ವಾಕರ್ ಅಂತೂ ನಂಬರ್ 1. ಇಷ್ಟ್ ಮಂದಿ ಇದ್ರ ನಮ್ಮೂರ ಹೈಸ್ಕೂಲ್ ಪಿಟಿ ಮಾಸ್ತರನೂ ಡಿಫೆನ್ಸ್ ಕಟ್ಟತಾನ.

ಹಂಗಂತ ಅವರೂ ಹೊಡಸ್ಕೊಂಡಿಲ್ಲ ಅಂತಲ್ರಿ. ಎಸ್‌ಇಸಿ (ಜಾರ್ಜಿಯಾ, ಅಲಬಾಮಾ ಇರೂ ಲೀಗ್) ಫೈನಲ್‌ನಾಗ ಅಲಬಾಮಾ 41-24 ಹಾಕಿ ಕಳಿಸ್ತು. ಅವರ ಕ್ಯೂಬಿ ಬ್ರೈಸ್ ಯಂಗ್‌ಗ ಟೈಮ್ ಸಿಕ್ತು, ರಿಸೀವರ್ ಮಂದಿ ಓಡಿ ಹ್ವಾದ್ರು, ಮುಗೀತು. ಒಂದ್ ತಿಂಗಳ ಮ್ಯಾಲೆ ಇಂಡಿಯಾನಾಪೊಲಿಸ್‌ನಾಗ ಅದ ಅಲಬಾಮಾನ 33-18 ಹೊಡದು ಚಾಂಪಿಯನ್ ಆದ್ರು. ಡಿಫೆನ್ಸ್ ಏನ್ ಬದಲಾತು ಅಂತ ದೊಡ್ಡ ದೊಡ್ಡ ಮಾತ್ ಬರದ್ರು, ಆದ್ರ ನಿಜ ಹೇಳಬೇಕಂದ್ರ ಅಲಬಾಮಾದ ಒಬ್ಬ ಒಳ್ಳೆ ರಿಸೀವರ್ ಮೊದಲ ಮ್ಯಾಚ್‌ನಾಗ ಗಾಯ ಮಾಡ್ಕೊಂಡು ಫೈನಲ್‌ಗೆ ಇರಲಿಲ್ಲ, ಇನ್ನೊಬ್ಬ ಫೈನಲ್ ನಡುವ ಕಾಲ್ ಹಿಡಕೊಂಡ್ ಹ್ವಾದ. ನಾ ಬುಲ್‌ಡಾಗ್ (ಜಾರ್ಜಿಯಾ ಟೀಮ್) ಅಭಿಮಾನಿ, ನಾನ ಹೇಳಾಕತ್ತೀನಿ.

ನಂದ್ ಇಷ್ಟ ಮಾತು, ಸ್ಕೀಮ್ ಮೂವತ್ತು ಪರ್ಸೆಂಟ್, ಉಳಿದಿದ್ದು ಮಂದಿ.

ಏಮ್ಸ್_ತುಮಕೂರು

ಬೆಳಗಾವಿ ಸಾರ್, ಮೂವತ್ತು ಎಪ್ಪತ್ತು ಅಂತ ತಕ್ಕಡಿ ಇಟ್ಕೊಂಡು ತೂಗೋಕಾಗಲ್ಲ. 340 ಪೌಂಡ್ ಮನುಷ್ಯ ಜಾರ್ಜಿಯಾಗೆ ಸಿಗ್ತಾನೆ, ನಮಗೆ ಸಿಗಲ್ಲ, ಸಿಗದೋರು ಏನ್ ಮಾಡ್ಬೇಕು ಅನ್ನೋದಕ್ಕೇ ತಾನೇ ಸ್ಕೀಮ್? ಒಬ್ಬನೇ ಇಬ್ರನ್ನ ಹಿಡ್ಕೊಳ್ಳೋ ಆಳು ಇಲ್ಲದೆ ಇದ್ರೆ, ಆ ಇನ್ನೊಬ್ಬನ್ನ ಎಲ್ಲಿಂದ ಬರ್ತಾನೆ ಅಂತ ಗೊತ್ತಾಗದ ಹಾಗೆ ತರ್ಬೇಕು. ನೀವು ಹೇಳೋ ಜಾರ್ಜಿಯಾ ಬಾಡಿ ತೋರ್ಸಿ ಗೆಲ್ಲತ್ತೆ, ಐಯೋವಾ ಸ್ಟೇಟ್ ಬಚ್ಚಿಟ್ಟು ಗೆಲ್ಲತ್ತೆ. ಸಮಸ್ಯೆ ಒಂದೇ, ಬಾಕ್ಸ್‌ನಲ್ಲಿ ಕಮ್ಮಿ ಜನ ಇಟ್ಕೊಂಡು ರನ್ ನಿಲ್ಸೋದು.

ರಾಜಾಜಿನಗರ_ರಾಕೆಟ್

ನಾನು ಟೇಲ್‌ಗೇಟ್‌ನಲ್ಲಿ ಬಾರ್ಬೆಕ್ಯೂ ತಿನ್ನೋಕೆ ಮಾತ್ರ ಹೋಗ್ತೀನಿ ಗುರು, ಮ್ಯಾಚ್ ಮೂರೂವರೆ ಗಂಟೆ ಅದರಲ್ಲಿ ಅರ್ಧ ಜಾಹೀರಾತು. ಆದ್ರೂ ಥ್ರೆಡ್ ಚೆನ್ನಾಗಿದೆ, ಮುಂದುವರಿಸಿ, ಓದ್ತಿದೀನಿ.

ಡಲ್ಲಾಸ್_ದಾವಣಗೆರೆ

ಏಮ್ಸ್ ಸಾರ್ ತುಂಬ ಥ್ಯಾಂಕ್ಸ್, ಆ 60 ಅಡಿ 100 ಅಡಿ ಲೆಕ್ಕ ನನಗೆ ಹೊಳೆದೇ ಇರ್ಲಿಲ್ಲ. ಇನ್ನೊಂದು ಕೇಳ್ತೀನಿ. ಇಷ್ಟೆಲ್ಲ ಜಾಣತನ ಮಾಡೋಕೆ ಟೈಮ್ ಬೇಕಲ್ಲ? ಟೆಂಪೋ ಆಡೋ ಟೆನೆಸ್ಸಿ ಥರದ ಟೀಮ್ ಒಂದು ಪ್ಲೇ ಮುಗಿದು ಹದಿನೈದು ಸೆಕೆಂಡ್‌ಗೆಲ್ಲ ಇನ್ನೊಂದಕ್ಕೆ ನಿಂತಿರ್ತಾರೆ, ಡಿಫೆನ್ಸ್‌ನೋರು ಇನ್ನೂ ಸೈಡ್‌ಲೈನ್ ಕಡೆ ನೋಡಿ ಕೈ ಬೀಸ್ತಾ ಇರ್ತಾರೆ, ಸ್ನ್ಯಾಪ್ ಆಗೇ ಹೋಗಿರತ್ತೆ. 2022ರಲ್ಲಿ ಅಲಬಾಮಾಗೆ 52 ಹೊಡೆದ್ರಲ್ಲ, ಕೋಚ್ ಸೇಬನ್ ಡಿಫೆನ್ಸ್‌ಗೇ, ಒಬ್ಬನೇ ರಿಸೀವರ್ ಐದು ಟಚ್‌ಡೌನ್.

ಕೊಲಂಬಸ್_ಕುಂದಾಪುರ

ಟೆಂಪೋ ಬಗ್ಗೆ ನಾನು ಹೇಳ್ತೇನೆ ಮಾರಾಯ್ರೆ, ಮೊದಲು ರೂಲ್ ಎಂತದು ಅಂತ ನೋಡಿ. ಆಫೆನ್ಸ್ ಆಟಗಾರರನ್ನು ಬದಲಿಸಿದ್ರೆ ಡಿಫೆನ್ಸಿಗೂ ಬದಲಿಸ್ಲಿಕ್ಕೆ ಅವಕಾಶ ಕೊಡ್ಬೇಕು, ಅಂಪೈರ್ ಬಾಲಿನ ಮೇಲೆ ಬಂದು ನಿಲ್ತಾನೆ. ಆದ್ರೆ ಆಫೆನ್ಸ್ ಅದೇ ಹನ್ನೊಂದು ಜನರನ್ನು ಇಟ್ಕೊಂಡು ಓಡಿದ್ರೆ ಡಿಫೆನ್ಸ್ ಅಲ್ಲೇ ಸಿಕ್ಕಿ ಹಾಕಿಕೊಳ್ತದೆ. 320 ಪೌಂಡಿನ ಲೈನ್‌ಮನ್ ಏದುಸಿರು ಬಿಡ್ತಾ ನಿಂತಿದ್ರೂ ಹೊರಗೆ ತರ್ಲಿಕ್ಕೆ ಆಗುದಿಲ್ಲ. ಹಾಗಾಗಿಯೇ ಕೆಲವು ಟೀಮುಗಳು ಬೇಕಂತಲೇ ಒಬ್ಬನನ್ನು ಗಾಯ ಅಂತ ಮಲಗಿಸ್ತಿದ್ದದ್ದು. 2025ರಿಂದ ಅದಕ್ಕೂ ಬೀಗ ಬಿತ್ತು, ಬಾಲ್ ಇಟ್ಟ ಮೇಲೆ ಡಾಕ್ಟರ್ ಒಳಗೆ ಬಂದ್ರೆ ಆ ಟೀಮಿಗೆ ಒಂದು ಟೈಮ್‌ಔಟ್ ಖರ್ಚು, ಟೈಮ್‌ಔಟ್ ಇಲ್ಲದಿದ್ರೆ 5 ಯಾರ್ಡ್.

ಇದರಿಂದ ಎಂತ ಆಯ್ತು ಅಂದ್ರೆ, ರನ್ ಬಂದಾಗ ಒಬ್ಬ ಪಾಸ್ ಬಂದಾಗ ಇನ್ನೊಬ್ಬ ಅಂತ ಆಡಿಸುವ ಕಾಲ ಹೋಯ್ತು. ಎರಡೂ ಮಾಡುವ ಮೈಕಟ್ಟಿನವ ಬೇಕು. ನಮ್ಮ ಓಹಾಯೋ ಸ್ಟೇಟಿನ ಸನ್ನಿ ಸ್ಟೈಲ್ಸ್ ನೋಡಿ, 2023ರಲ್ಲಿ ಸೇಫ್ಟಿ, 2024ರಲ್ಲಿ ಅವನನ್ನೇ ಲೈನ್‌ಬ್ಯಾಕರ್ ಮಾಡಿದ್ರು. ಹಳೆ ಕಾಲದ ಲೈನ್‌ಬ್ಯಾಕರಿಗೆ ಕುತ್ತಿಗೆ ದಪ್ಪ ಉಂಟಾ ಅಂತ ನೋಡ್ತಿದ್ರು, ಈಗ ರಿಸೀವರ್ ಹಿಂದೆ ಓಡ್ಲಿಕ್ಕೆ ಆಗ್ತದಾ ಅಂತ. ಕ್ಲೆಮ್ಸನ್‌ನಲ್ಲಿ ಐಸಾಯಾ ಸಿಮನ್ಸ್ ಇದ್ದ, 2019ರಲ್ಲಿ ಅವ ಲೈನ್‌ಬ್ಯಾಕರಾ ಸೇಫ್ಟಿಯಾ ನಿಕಲ್ಲಾ (ಐದನೇ ಡಿಬಿ) ಅಂತ ಎದುರಿನವರಿಗೆ ಕೊನೆವರೆಗೂ ಗೊತ್ತಾಗ್ಲಿಲ್ಲ.

ಇನ್ನು ಮಾತು ತಲುಪಿಸುವ ವಿಷಯ. 2024ರಿಂದ ಹೆಲ್ಮೆಟ್ ಒಳಗೆ ರೇಡಿಯೋ ಬಂತು, ಒಂದು ಟೀಮಿನಿಂದ ಮೈದಾನದಲ್ಲಿ ಒಬ್ಬನಿಗೆ ಮಾತ್ರ, ಪ್ಲೇ ಕ್ಲಾಕಿನಲ್ಲಿ 15 ಸೆಕೆಂಡ್ ಉಳಿದಾಗ ಅಥವಾ ಸ್ನ್ಯಾಪ್ ಆದಾಗ ಬಂದ್ ಆಗ್ತದೆ. ಇದು ಟೆಂಪೋ ಟೀಮಿಗೆ ಒಳ್ಳೆದಾ ಕೆಟ್ಟದ್ದಾ ಅಂತ ದೊಡ್ಡ ಜಗಳ ಆಗಿತ್ತು ಇಲ್ಲಿ ಆಫೀಸಲ್ಲಿ. ನನ್ನ ಲೆಕ್ಕದಲ್ಲಿ ಡಿಫೆನ್ಸಿಗೆ ಸ್ವಲ್ಪ ಲಾಭ, ಯಾಕಂದ್ರೆ ಅವರು ಬೇಗ ಸ್ನ್ಯಾಪ್ ಮಾಡಿದ್ರೆ ಅಷ್ಟೂ ಹೊತ್ತು ರೇಡಿಯೋ ಆನ್ ಇರ್ತದೆ, ಸೈಡ್‌ಲೈನ್ ಕಡೆ ಕತ್ತು ತಿರುಗಿಸ್ಬೇಕಂತಿಲ್ಲ. ಆದ್ರೆ ಕೇಳಿಸುದು ಒಬ್ಬನಿಗೆ, ಉಳಿದ ಹತ್ತು ಜನರಿಗೆ ಅವ ಕೂಗಿ ಹೇಳ್ಬೇಕು, ಒಂದು ಲಕ್ಷ ಜನ ಬೊಬ್ಬೆ ಹಾಕುವಾಗ.

ಅದಕ್ಕೇ ಒಳ್ಳೆ ಕೋಆರ್ಡಿನೇಟರ್‌ಗಳು ಟೆಂಪೋ ಎದುರು ಒಂದೇ ಶಬ್ದದ ಕಾಲ್ ಇಟ್ಟಿರ್ತಾರೆ, ಫ್ರಂಟ್, ಬ್ಲಿಟ್ಜ್ (ಹೆಚ್ಚು ಜನ ಕ್ಯೂಬಿ ಮೇಲೆ ನುಗ್ಗುದು), ಕವರೇಜ್ (ರಿಸೀವರ್‌ಗಳನ್ನು ಕಾಯುದು) ಎಲ್ಲ ಆ ಒಂದೇ ಶಬ್ದದಲ್ಲಿ. ಮಕ್ಕಳಿಗೆ ವಾರಕ್ಕೆ ಪ್ರಾಕ್ಟೀಸಿಗೆ ಎನ್‌ಸಿಎಎ (ಕಾಲೇಜ್ ಕ್ರೀಡಾ ಸಂಸ್ಥೆ) ಕೊಡುದೇ 20 ಗಂಟೆ, ಕ್ಲಾಸಿಗೂ ಹೋಗ್ಬೇಕು, ಎನ್‌ಎಫ್‌ಎಲ್ ಪ್ಲೇಬುಕ್ ತಂದು ತಲೆ ಮೇಲೆ ಹಾಕಿದ್ರೆ ಆಗುದಿಲ್ಲ. ಅದರ ಮೇಲೆ ಈಗ ಟ್ರಾನ್ಸ್‌ಫರ್ ಪೋರ್ಟಲ್ (ಆಟಗಾರರು ಕಾಲೇಜ್ ಬದಲಿಸುವ ವ್ಯವಸ್ಥೆ), ಅರ್ಧ ಡಿಫೆನ್ಸ್ ಜನವರಿಯಲ್ಲಿ ಬಂದವರು. ಮೂರು ವರ್ಷ ಒಟ್ಟಿಗೆ ಆಡಿ ಕಣ್ಸನ್ನೆಯಲ್ಲಿ ಮಾತಾಡುವ ಸೇಫ್ಟಿ ಜೋಡಿ ಸಿಗುದೇ ಅಪರೂಪ.

ಬೆಳಗಾವಿಯವರಿಗೆ ಒಂದು ಉದಾಹರಣೆ ಕೊಡ್ತೇನೆ, ಅದೇ ಜನ, ಎದುರಿಗೂ ಅದೇ ಜನ. 2024 ಅಕ್ಟೋಬರಿನಲ್ಲಿ ಯೂಜೀನ್‌ನಲ್ಲಿ ಆರೆಗನ್ ನಮ್ಮನ್ನು 32-31 ಸೋಲಿಸಿತು. ಅವರ ಕ್ಯೂಬಿ ಡಿಲನ್ ಗೇಬ್ರಿಯಲ್‌ನನ್ನು ಒಂದು ಸಲವೂ ಸ್ಯಾಕ್ ಮಾಡ್ಲಿಕ್ಕೆ (ಎಸೆಯುವ ಮೊದಲೇ ಹಿಡಿದು ಬೀಳಿಸ್ಲಿಕ್ಕೆ) ಆಗ್ಲಿಲ್ಲ, ನಮ್ಮ ಕಾರ್ನರ್‌ಗಳು ಒಂಟಿಯಾಗಿ ನಿಂತು ಸುಟ್ಟುಹೋದ್ರು. (ಕೊನೆಗೆ ಅವರು ಹನ್ನೆರಡು ಜನ ಡಿಫೆನ್ಸಿನಲ್ಲಿ ನಿಲ್ಲಿಸಿ ನಮಗೆ ಉಳಿದ ಟೈಮನ್ನು 10 ಸೆಕೆಂಡಿನಿಂದ 6ಕ್ಕೆ ಇಳಿಸಿದ್ದು ಬೇರೆ ಕಥೆ, ಆ ಕೋಚ್ ಯಾರು ಗೊತ್ತುಂಟಲ್ಲ, ನಿಮ್ಮದೇ ಜಾರ್ಜಿಯಾದ ಡ್ಯಾನ್ ಲ್ಯಾನಿಂಗ್. ಮರು ವರ್ಷ ಆ ತಂತ್ರಕ್ಕೂ ರೂಲ್ ತಂದ್ರು.) ಆಮೇಲೆ ನಮ್ಮ ಕೋಆರ್ಡಿನೇಟರ್ ಜಿಮ್ ನೋಲ್ಸ್ ಡಿಫೆನ್ಸ್ ಬದಲಿಸಿದ್ರು. ಕೇಲೆಬ್ ಡೌನ್ಸ್ ಇದ್ದಾನಲ್ಲ ಸೇಫ್ಟಿ, ಅವನನ್ನು ಬರೀ ಹಿಂದೆ ಕಾವಲು ಹಾಕುದು ಬಿಟ್ಟು ಬಾಲಿನ ಹತ್ರ ತಂದು ಅತ್ತಿತ್ತ ಓಡಾಡಿಸಿದ್ರು. ಆರು ಜನ ಬ್ಲಿಟ್ಜ್ ಬರುವ ಹಾಗೆ ಮುಂದೆ ನಿಲ್ಲುದು, ಸ್ನ್ಯಾಪ್ ಆದ ಕೂಡ್ಲೇ ಇಬ್ರು ಹಿಂದೆ ಸರಿಯುದು, ನಾಲ್ಕೇ ಜನ ನುಗ್ಗುದು, ಆದ್ರೆ ಯಾವ ನಾಲ್ಕು ಅಂತ ಕ್ಯೂಬಿಗೆ ಗೊತ್ತಿಲ್ಲ. ಆರ್‌ಪಿಓ ಕ್ಯೂಬಿ ಒಬ್ಬನನ್ನು ಮೊದಲೇ ಗುರ್ತು ಮಾಡಿ ಇಟ್ಟಿರ್ತಾನಲ್ಲ, ಅವ ಹಿಂದೆ ಹೋಗಿ ಅವನ ಜಾಗದಲ್ಲಿ ಇನ್ನೊಬ್ಬ ಬಂದ್ರೆ ನೋಡ್ಲಿಕ್ಕೆ ಇಟ್ಟ ಪುಸ್ತಕದ ಪುಟವೇ ಹರಿದ ಹಾಗೆ. ಜನವರಿ 1ಕ್ಕೆ ರೋಸ್ ಬೌಲ್, ಅದೇ ಆರೆಗನ್, ಎರಡನೇ ಕ್ವಾರ್ಟರಿನಲ್ಲಿ ನಾವು 34-0, ಕೊನೆಗೆ 41-21. ಗೇಬ್ರಿಯಲ್‌ಗೆ 8 ಸ್ಯಾಕ್. ಸೊನ್ನೆಯಿಂದ ಎಂಟು! ಹುಡುಗರು ಅವರೇ, ಬದಲಾದದ್ದು ಅವರನ್ನು ಎಲ್ಲಿ ನಿಲ್ಲಿಸುದು ಅನ್ನುದು.

ಬೆಳಗಾವಿ_ಬುಲ್‌ಡಾಗ್

ಕುಂದಾಪುರದಾವ್ರ, ಉದಾಹರಣಿ ಛಲೋ ಐತಿ, ಒಪ್ಪಿದೆ. ಆದ್ರ ಆ ನಾಕ್ ಮಂದಿ ನುಗ್ಗಿ ಕ್ಯೂಬಿನ ಹಿಡದ್ರಲ್ಲ, ಅವರೂ ಎನ್‌ಎಫ್‌ಎಲ್‌ಗೆ ಹ್ವಾದವ್ರ ಹೌದಿಲ್ಲೋ? ಸುಮ್ನ ಯಾರೋ ನಾಕ್ ಮಂದಿ ನುಗ್ಗಿದ್ರ ಎಂಟ್ ಸ್ಯಾಕ್ ಬರಂಗಿಲ್ಲ.

ಟೆನೆಸ್ಸಿ ಟೆಂಪೋ ಅಂದ್ರೆಲ್ಲ ಡಲ್ಲಾಸ್ ಅವ್ರು. ಅಲಬಾಮಾಗ 52 ಹೊಡದು ಮೂರ್ ವಾರದ ಮ್ಯಾಲೆ ಅಥೆನ್ಸ್‌ಗೆ (ಜಾರ್ಜಿಯಾ ಟೀಮ್ ಊರು) ಬಂದ್ರು, ಆವಾಗ ಪ್ಲೇಆಫ್ ರ‍್ಯಾಂಕಿಂಗ್‌ನಾಗ ಅವರ ನಂಬರ್ 1, ಮ್ಯಾಚಿಗೆ ಹತ್ತಹತ್ರ 50 ಪಾಯಿಂಟ್ ಹೊಡೀತಿದ್ರು. ಜಾರ್ಜಿಯಾ 27-13. ಅವರ ರಿಸೀವರ್‌ಗಳು ಸೈಡ್‌ಲೈನ್ ಗೆರಿ ಮ್ಯಾಲೆ ಹೋಗಿ ನಿಲ್ತಾರ, ಅಷ್ಟ್ ಅಗಲ, ಸೇಫ್ಟಿ ಸಹಾಯಕ್ಕ ಬರಬಾರ್ದು ಅಂತ. ಜಾರ್ಜಿಯಾ ಕಾರ್ನರ್‌ಗಳು ಬಾಲ್ ಬರೂಕಿಂತ ಮದ್ಲ ಅವರ ಎದಿ ಮ್ಯಾಲೆ ಕೈ ಇಟ್ಟು ತಳ್ಳಿ ಓಟ ಕೆಡಸಿದ್ರು. ಇತ್ತ ಗದ್ದಲಕ್ಕ ಅವರ ಲೈನ್‌ಮನ್‌ಗಳು ಫಾಲ್ಸ್ ಸ್ಟಾರ್ಟ್ (ಸ್ನ್ಯಾಪ್‌ಗಿಂತ ಮದ್ಲ ಅಲುಗಾಡೂ ತಪ್ಪು) ಮ್ಯಾಲೆ ಫಾಲ್ಸ್ ಸ್ಟಾರ್ಟ್. ಐದ್ ಯಾರ್ಡ್ ಹಿಂದ್ ಹ್ವಾದ್ರ ಎಲ್ಲೀ ಟೆಂಪೋ? ಮೊದಲನೇ ಡೌನ್‌ನಾಗ (ನಾಕ್ ಅವಕಾಶದಾಗ ಮದ್ಲನೇದು) ನಿಲ್ಲಿಸ್ರಿ, ಟೆಂಪೋ ತಾನ ನಿಲ್ತೈತಿ.

ಆನ್‌ಆರ್ಬರ್_ಅಕ್ಕ

ಗಂಡಸ್ರು ಜಗಳ ಆಡ್ತಿರೋದು ನೋಡಿ ಸುಮ್ನಿರೋಕೆ ಆಗ್ಲಿಲ್ಲ. ಕೊಲಂಬಸ್ ತಮ್ಮ, ಅದೇ 2024ರಲ್ಲಿ ನವೆಂಬರ್ 30ಕ್ಕೆ ನಿಮ್ಮ ಊರಲ್ಲೇ ನಿಮ್ಮನ್ನ 13-10 ಸೋಲಿಸಿದ್ದು ನಮ್ಮ ಮಿಶಿಗನ್ ಅಂತ ಬರೆಯೋದು ಮರೆತ್ಯಾ?

ಆ ಮ್ಯಾಚೇ ನಿಮ್ಮೆಲ್ಲರ ಪ್ರಶ್ನೆಗೆ ಉತ್ತರ. ನಮ್ಮ ಬೆಸ್ಟ್ ಕಾರ್ನರ್ ವಿಲ್ ಜಾನ್ಸನ್ ಗಾಯ ಆಗಿ ಆಡ್ಲೇ ಇಲ್ಲ. ಎದುರಿಗೆ ದೇಶದ ಅತಿ ಒಳ್ಳೆ ರಿಸೀವರ್‌ಗಳು. ಆದ್ರೂ 10 ಪಾಯಿಂಟ್. ಹೇಗೆ ಅಂದ್ರೆ ಮಧ್ಯದಲ್ಲಿ ಮೇಸನ್ ಗ್ರಹಾಂ, ಕೆನೆತ್ ಗ್ರಾಂಟ್ ಇಬ್ರು ಸೇರ್ಕೊಂಡು ಒಳಗಿನ ರನ್ ಪೂರ್ತಿ ಬಂದ್ ಮಾಡಿದ್ರು, ಅದಕ್ಕೆ ಹೆಚ್ಚು ಜನ ಬೇಕಾಗ್ಲಿಲ್ಲ, ಮಿಕ್ಕೋರೆಲ್ಲ ಹಿಂದೆ ರಿಸೀವರ್‌ಗಳ ಸುತ್ತ. ಓಹಾಯೋ ಸ್ಟೇಟ್‌ನೋರು ಹಟಕ್ಕೆ ಬಿದ್ದ ಹಾಗೆ ಅದೇ ಗೋಡೆಗೆ ಹೋಗಿ ಹೋಗಿ ತಲೆ ಚಚ್ಕೊಂಡ್ರು. ಇಬ್ರೂ 2025ರ ಡ್ರಾಫ್ಟ್ ಮೊದಲ ರೌಂಡ್‌ನಲ್ಲಿ ಹೋದ್ರು, ಬೆಳಗಾವಿಯವರು ಖುಷಿ ಪಡ್ಬಹುದು.

ಆದ್ರೆ ಏಮ್ಸ್‌ನವರ ಮಾತೂ ಪೂರ್ತಿ ನಿಜ, ಇದಕ್ಕೆ 2023ರ ನಮ್ಮ ಡಿಫೆನ್ಸ್ ಸಾಕ್ಷಿ. ಮೊದಲು ಕೋಆರ್ಡಿನೇಟರ್ ಮೈಕ್ ಮ್ಯಾಕ್‌ಡೊನಾಲ್ಡ್ ಎನ್‌ಎಫ್‌ಎಲ್‌ನ ಬಾಲ್ಟಿಮೋರ್ ರೇವನ್ಸ್‌ನಿಂದ ಬಂದು ಒಂದು ಪದ್ಧತಿ ಹಾಕ್ಕೊಟ್ರು, ಆಮೇಲೆ ಜೆಸ್ಸಿ ಮಿಂಟರ್ ಅದನ್ನೇ ಮುಂದುವರಿಸಿದ್ರು. ಅದರ ಗುಟ್ಟು ಏನು ಅಂದ್ರೆ ಸ್ನ್ಯಾಪ್‌ಗೆ ಮುಂಚೆ ಪ್ರತಿ ಸಲ ಒಂದೇ ಥರ ಕಾಣ್ತಾರೆ, ಇಬ್ರು ಸೇಫ್ಟಿ ಹಿಂದೆ, ಶಾಂತವಾಗಿ. ಸ್ನ್ಯಾಪ್ ಆದ್ಮೇಲೆ ಒಬ್ಬ ಕೆಳಗೆ ಇಳೀತಾನೆ, ಇಲ್ಲಾ ಇಬ್ರೂ ಹಿಂದೆ ಓಡ್ತಾರೆ, ಇಲ್ಲಾ ಕಾರ್ನರ್ ಸೇಫ್ಟಿ ಆಗ್ತಾನೆ. ಕ್ಯೂಬಿ ಬಾಲ್ ಹಿಡ್ಕೊಂಡ್ಮೇಲೆ ಹೊಸದಾಗಿ ಓದೋಕೆ ಶುರು ಮಾಡ್ಬೇಕು. ಹೂಸ್ಟನ್‌ನಲ್ಲಿ ನಡೆದ ರಾಷ್ಟ್ರೀಯ ಫೈನಲ್‌ನಲ್ಲಿ ವಾಷಿಂಗ್ಟನ್‌ನ ಕ್ಯೂಬಿ ಮೈಕಲ್ ಪೆನಿಕ್ಸ್ ಆ ವರ್ಷ ಎಲ್ಲರನ್ನೂ ಚಿಂದಿ ಮಾಡಿ ಬಂದಿದ್ದ, ನಮ್ಮೆದುರು 51 ಸಲ ಎಸೆದು 255 ಯಾರ್ಡ್ ಅಷ್ಟೇ, ಎರಡು ಇಂಟರ್‌ಸೆಪ್ಷನ್ (ನಮ್ಮೋರ ಕೈಗೆ ಸಿಕ್ಕ ಪಾಸ್), 34-13. ಅದರಲ್ಲಿ ಒಂದನ್ನ ಹಿಡಿದ ಮೈಕ್ ಸೈನ್ರಿಸ್ಟಿಲ್ ನಿಕಲ್ ಆಡ್ತಿದ್ದ, ಮೊದಲು ನಮ್ಮಲ್ಲೇ ರಿಸೀವರ್ ಆಗಿದ್ದೋನು. ರಿಸೀವರ್ ತಲೆ ಇರೋನನ್ನ ಡಿಫೆನ್ಸ್‌ಗೆ ತಂದ್ರೆ ರೂಟ್ ಮುಂಚೇನೇ ಗೊತ್ತಾಗತ್ತೆ.

ಇನ್ನೊಂದು ಹೇಳ್ತೀನಿ, ಯಾರೂ ಇದನ್ನ ಎತ್ತಿಲ್ಲ. ಡಿಫೆನ್ಸ್ ಎಲ್ಲ ಹಗುರ ಮಾಡ್ಕೊಂಡು ಐದು ಆರು ಡಿಬಿ ಇಳಿಸಿದ ತಕ್ಷಣ ಆಫೆನ್ಸ್‌ನೋರು ಏನ್ ಮಾಡಿದ್ರು? ಇಬ್ರು ಟೈಟ್ ಎಂಡ್ (ಬ್ಲಾಕೂ ಮಾಡೋ, ಪಾಸೂ ಹಿಡಿಯೋ ದೊಡ್ಡ ಮೈಯೋರು) ತಂದು ನಿಲ್ಲಿಸಿ ರನ್ ಹೊಡೆಯೋಕೆ ಶುರು. ಮಿಶಿಗನ್ 2021ರಿಂದ ಮಾಡಿದ್ದೇ ಅದು. 190 ಪೌಂಡ್ ನಿಕಲ್ ಮೇಲೆ 250 ಪೌಂಡ್ ಟೈಟ್ ಎಂಡ್ ನಾಲ್ಕು ಕ್ವಾರ್ಟರ್ ಬಿದ್ದು ಬಿದ್ದು ಎದ್ರೆ ಕೊನೇಲಿ ಅವನು ಟ್ಯಾಕಲ್‌ಗೆ ಬಗ್ಗಲ್ಲ, ಭುಜ ತೋರಿಸಿ ಸರೀತಾನೆ. ಹಾಗಾಗಿ ಮೂರನೇ ಲೈನ್‌ಬ್ಯಾಕರ್ ಸತ್ತ ಅಂತ ಬರೆಯೋ ಮೊದಲು ಸ್ವಲ್ಪ ತಡೀರಿ, ಸ್ಟೈಲ್ಸ್ ಥರ 230 ಪೌಂಡ್ ಇದ್ದು ಸೇಫ್ಟಿ ಥರ ಓಡೋರು ಸಿಕ್ಕಿದ್ರೆ ಅವನೇ ವಾಪಸ್ ಬರ್ತಾನೆ, ಹೆಸರು ಬೇರೆ ಇರತ್ತೆ ಅಷ್ಟೇ.

ಕೊಲಂಬಸ್_ಕುಂದಾಪುರ

ಅಕ್ಕ, ಆ 13-10 ನೆನಪು ಮಾಡ್ಬೇಡಿ, ನಮ್ಮ ಮನೆಯಲ್ಲಿ ಆವತ್ತು ಊಟ ಇಲ್ಲ. ಆದ್ರೆ 2023ರಲ್ಲಿ ನಿಮ್ಮವರು ಎದುರಿನವರ ಸಿಗ್ನಲ್ ಕದಿಯುವ ಕೇಸಿನಲ್ಲಿ ಸಿಕ್ಕಿಬಿದ್ದು ಬಿಗ್ ಟೆನ್ ಲೀಗ್ ನಿಮ್ಮ ಕೋಚ್ ಹಾರ್ಬಾನನ್ನು 3 ಮ್ಯಾಚ್ ಹೊರಗೆ ಕೂರಿಸಿದ್ದು ಅದೂ ಬರೀಬಹುದಿತ್ತಲ್ವಾ? ಮರು ವರ್ಷವೇ ಹೆಲ್ಮೆಟ್ ರೇಡಿಯೋ ಬಂತು, ಸುಮ್ನೆ ಬಂತಾ ಅದು?

ಆನ್‌ಆರ್ಬರ್_ಅಕ್ಕ

ಫೈನಲ್‌ನಲ್ಲಿ ಪೆನಿಕ್ಸ್ ಕೈಯಿಂದ ಬಾಲ್ ಹೋಗಿದ್ದು ಸಿಗ್ನಲ್‌ನಿಂದ ಅಲ್ಲ ತಮ್ಮ, ಅಷ್ಟರಲ್ಲಿ ಆ ಗಲಾಟೆ ಬಯಲಾಗಿ ಎರಡೂವರೆ ತಿಂಗಳಾಗಿತ್ತು, ಎಲ್ಲರೂ ಸಿಗ್ನಲ್ ಬದಲಿಸ್ಕೊಂಡು ಕೂತಿದ್ರು. ಇದಕ್ಕೆ ಬೇರೆ ಥ್ರೆಡ್ ಹಾಕು, ಅಲ್ಲಿ ಬರ್ತೀನಿ.

ಡಲ್ಲಾಸ್_ದಾವಣಗೆರೆ

ಜಗಳ ಆಮೇಲೆ ಆಡಿ ಅಕ್ಕ 😀 ಕೊನೇದಾಗಿ ಒಂದು. ಈ ಶನಿವಾರ ಮ್ಯಾಚ್ ನೋಡೋವಾಗ ನನ್ನಂಥೋನು ಎಲ್ಲಿ ನೋಡ್ಬೇಕು? ಕ್ಯಾಮೆರಾ ಬಾಲ್ ಹಿಂದೇನೇ ಹೋಗತ್ತೆ, ಸೇಫ್ಟಿಗಳು ಸ್ಕ್ರೀನ್‌ನಿಂದ ಹೊರಗಿರ್ತಾರೆ.

ಏಮ್ಸ್_ತುಮಕೂರು

ಸ್ನ್ಯಾಪ್‌ಗೆ ಮುಂಚೆ ವೈಡ್ ಶಾಟ್ ಸ್ವಲ್ಪ ಹೊತ್ತು ತೋರಿಸ್ತಾರೆ, ಆಗ ಹಿಂದೆ ಎಷ್ಟು ಸೇಫ್ಟಿ ಕಾಣ್ತಾರೆ ಎಣಿಸಿ. ಸ್ನ್ಯಾಪ್ ಆದ್ಮೇಲೆ ಬಾಲ್ ಬಿಟ್ಟು ಕ್ಯೂಬಿ ಪಾದ ನೋಡಿ. ಎಸೆಯೋಕೆ ಹೋಗಿ ತಡೆದು ಪಾದ ಒಂದ್ ಸಲ ಜಾಸ್ತಿ ಕುಣೀತು ಅಂದ್ರೆ ಅವನು ಎಣಿಸಿದ್ದು ಒಂದು, ಕಂಡಿದ್ದು ಇನ್ನೊಂದು ಅಂತ ಅರ್ಥ, ಆ ಡಿಫೆನ್ಸ್ ಕೆಲಸ ಮಾಡ್ತಿದೆ. ಪಾದ ಕುಣಿಯದೆ ಬಾಲ್ ಹೋಯ್ತಾ, ಅವನಿಗೆ ಎಲ್ಲ ಗೊತ್ತಿತ್ತು. ಆಮೇಲೆ ಬರೋ ರಿಪ್ಲೇನಲ್ಲಿ ಸೇಫ್ಟಿ ಎಲ್ಲಿಗೆ ಹೋದ ಅಂತ ಸಿಗತ್ತೆ.

ಬೆಳಗಾವಿ_ಬುಲ್‌ಡಾಗ್

ಪಾದ ನೋಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮದ್ಲ ಮೂಗಿನ ಮುಂದ ನಿಂತಾಂವನ್ನ ನೋಡ್ರಿ. ಅವನ್ನ ಹಿಡಿಯಾಕ ಸೆಂಟರ್ ಜೋಡಿ ಗಾರ್ಡ್‌ನೂ ಬರಾಕತ್ತಾನಂದ್ರ ಆ ದಿನ ಡಿಫೆನ್ಸ್ ಗೆಲ್ತೈತಿ. ಒಬ್ಬನ ಸಾಕಾತು ಅಂದ್ರ ನಿಮ್ಮ ಹಿಂದಿನ ಮೂರೂ ಸೇಫ್ಟಿಗೆ ಸಂಜೀತನ ಟ್ಯಾಕಲ್ ಮಾಡೂ ಕೆಲಸ ಐತಿ.